ಹಳ್ಳಿಯ ಚರ್ಚಿನ ಕಲ್ಲುತೊಟ್ಟಿಯನ್ನು ಓದುವ ಕ್ರಮ

ಇಂಗ್ಲೆಂಡಿನ ಹಳೆಯ ಹಳ್ಳಿ ಚರ್ಚೊಂದರ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ಹೆಚ್ಚಿನ ಪಕ್ಷ ಬಾಗಿಲಿನಿಂದ ನಾಲ್ಕಾರು ಹೆಜ್ಜೆಯೊಳಗೆ ಒಂದು ಕಲ್ಲಿನ ತೊಟ್ಟಿ ನಿಂತಿರುತ್ತದೆ. ಅದರ ಮರದ ಮುಚ್ಚಳದ ಮೇಲೆ ಹೂವಿನ ಕುಂಡವನ್ನೋ ಪ್ರಾರ್ಥನಾ ಪುಸ್ತಕಗಳ ರಾಶಿಯನ್ನೋ ಇಟ್ಟಿರುವುದೂ ಉಂಟು. ಬಂದವರು ಅದನ್ನು ಬಳಸಿಕೊಂಡು ಮುಂದೆ ಹೋಗಿ, ಬಣ್ಣದ ಗಾಜಿನ ಕಿಟಕಿ ನೋಡಿ, ಗೋರಿಕಲ್ಲುಗಳ ಮೇಲಿನ ಹೆಸರು ಓದಿ ಹೊರಟುಬಿಡುತ್ತಾರೆ. ಆದರೆ ಆ ಕಟ್ಟಡದೊಳಗಿನ ಅತ್ಯಂತ ಹಳೆಯ ವಸ್ತು ಬಹಳ ಸಲ ಈ ತೊಟ್ಟಿಯೇ ಆಗಿರುತ್ತದೆ. ಗೋಡೆ, ಚಾವಣಿ, ಕಿಟಕಿಗಳನ್ನು ಮುಂದಿನ ಶತಮಾನಗಳವರು ಕೆಡವಿ ಮತ್ತೆ ಕಟ್ಟಿದ್ದರೂ, ತಮ್ಮ ಅಜ್ಜ ಮುತ್ತಜ್ಜಂದಿರು ಹೆಸರು ಪಡೆದ ತೊಟ್ಟಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿರುತ್ತಾರೆ.

ನಮ್ಮಲ್ಲಿ ಪ್ರಾಟೆಸ್ಟೆಂಟರು ದೀಕ್ಷಾಸ್ನಾನ ಎಂದೂ ಕಥೋಲಿಕರು ಜ್ಞಾನಸ್ನಾನ ಎಂದೂ ಹೆಚ್ಚಾಗಿ ಕರೆಯುವ, ನೀರಿನಿಂದ ಮಗುವನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕಾಗಿ ಮಾಡಿದ ತೊಟ್ಟಿ ಇದು. ಓದಿಗಾಗಿ, ಕೆಲಸಕ್ಕಾಗಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಅಥವಾ ಮಕ್ಕಳ ಮನೆಗೆಂದು ಅಲ್ಲಿಗೆ ಹೋದ ಹಿರಿಯರು ಒಂದು ಮಧ್ಯಾಹ್ನವನ್ನು ಇಂತಹ ತೊಟ್ಟಿಯೊಂದಕ್ಕೆ ಮೀಸಲಿಡಬಯಸಿದರೆ ಅದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ಮೊದಲು ಕೆತ್ತನೆಯನ್ನು ನೋಡಬೇಡಿ ಎಂಬುದೇ ನನ್ನ ಮೊದಲ ಸಲಹೆ. ಅಂಚು, ಒಳಭಾಗ, ಬುಡ ಇವುಗಳನ್ನು ನೋಡಿ ಮುಗಿಸಿದ ಮೇಲೆ ಕೆತ್ತನೆಗೆ ಬಂದವರಿಗೆ ಆ ಕೆತ್ತನೆ ಹೆಚ್ಚು ಹೇಳುತ್ತದೆ.

ಹೊರಡುವ ಮುನ್ನ

ಯಾವ ತೊಟ್ಟಿಯನ್ನು ನೋಡಬೇಕೆಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಂರಕ್ಷಿತ ಕಟ್ಟಡಗಳ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಚರ್ಚಿನ ವಿವರಣೆಯ ಕೊನೆಯ ಸಾಲುಗಳಲ್ಲಿ ಸಾಮಾನ್ಯವಾಗಿ ತೊಟ್ಟಿಯ ಬಗ್ಗೆ ಒಂದೆರಡು ಮಾತು ಇರುತ್ತದೆ. ಹನ್ನೊಂದು, ಹನ್ನೆರಡನೆಯ ಶತಮಾನದ ತೊಟ್ಟಿಯಾಗಿದ್ದರೆ, ಬ್ರಿಟನ್ ಮತ್ತು ಐರ್ಲೆಂಡಿನ ರೊಮನೆಸ್ಕ್ ಎಂಬ ಆ ಕಾಲದ ಶೈಲಿಯ ಶಿಲ್ಪಗಳನ್ನು ಊರೂರು ಸುತ್ತಿ ದಾಖಲಿಸುತ್ತಿರುವ ಕಾರ್ಪಸ್ ಯೋಜನೆಯ ಜಾಲತಾಣದಲ್ಲಿ ಅಳತೆ, ಛಾಯಾಚಿತ್ರಗಳ ಸಹಿತ ವಿವರ ಸಿಗುವ ಸಾಧ್ಯತೆ ಇದೆ. ಅದನ್ನು ಓದಿಕೊಂಡು ಹೋಗಬೇಕೇ, ನೋಡಿ ಬಂದ ಮೇಲೆ ಓದಬೇಕೇ ಎಂದು ಕೇಳಿದರೆ, ನೋಡಿ ಬಂದ ಮೇಲೆ ಎಂದೇ ಹೇಳುತ್ತೇನೆ. ಮೊದಲೇ ಓದಿದವರ ಕಣ್ಣು ಓದಿದ್ದನ್ನು ಮಾತ್ರ ಹುಡುಕುತ್ತದೆ.

ಈ ಬರಹದುದ್ದಕ್ಕೂ ಮಾದರಿಯಾಗಿ ಇಟ್ಟುಕೊಂಡಿರುವುದು ವೇಲ್ಸ್ ಗಡಿಗೆ ಹತ್ತಿರದ ಹೆರೆಫರ್ಡ್‌ಶೈರಿನ ಇಯರ್ಡಿಸ್ಲಿ ಎಂಬ ಹಳ್ಳಿಯ, ಮಗ್ದಲದ ಮರಿಯಳ ಹೆಸರಿನ ಚರ್ಚಿನಲ್ಲಿರುವ ತೊಟ್ಟಿ. ಇದನ್ನು ಕಡೆದದ್ದು ಸುಮಾರು 1150ರಲ್ಲಿ. ನಮ್ಮ ಕಡೆಯ ಕಾಲಗಣನೆಯಲ್ಲಿ ಹೇಳುವುದಾದರೆ 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿ ಒಂದು ತಲೆಮಾರು ಕಳೆದಿತ್ತು. ಬೇರೆ ಊರಿನ ತೊಟ್ಟಿಗಳನ್ನು ಹೋಲಿಕೆಗಾಗಿ ನಡುನಡುವೆ ತರುತ್ತೇನೆ.

ಹಳ್ಳಿಯ ಚರ್ಚುಗಳು ಅನೇಕ ಕಡೆ ಹಗಲಿಡೀ ತೆರೆದಿರುತ್ತವೆ. ಬೀಗ ಹಾಕಿದ್ದರೆ ಬೀಗದ ಕೈ ಯಾರ ಮನೆಯಲ್ಲಿದೆ ಎಂಬ ಚೀಟಿಯನ್ನು ಹೊರಮಂಟಪದ ಫಲಕದ ಮೇಲೆ ಅಂಟಿಸಿರುವುದು ರೂಢಿ. ಭಾನುವಾರದ ಬೆಳಿಗ್ಗೆ ಆರಾಧನೆ ಇರುತ್ತದೆ. ಆಗ ಹೋದರೆ ಪೂರ್ತಿ ಕುಳಿತು, ಮುಗಿದ ಮೇಲೆ ಅಲ್ಲಿನವರನ್ನು ಕೇಳಿಕೊಂಡು ತೊಟ್ಟಿಯ ಬಳಿ ಹೋಗುವುದು ಮರ್ಯಾದೆ. ಹೀಗೆ ಮಾಡಿದವರಿಗೆ ಬಹಳ ಸಲ ಒಂದು ಕಪ್ ಚಹಾ ಮತ್ತು ಯಾವ ಪುಸ್ತಕದಲ್ಲೂ ಇಲ್ಲದ ಊರಿನ ಸುದ್ದಿ ಎರಡೂ ಸಿಗುತ್ತವೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಬೆಳಕು ಕುಂದುವುದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಅನುಕೂಲ.

ಜೊತೆಗೆ ಒಯ್ಯಬೇಕಾದವು ಹೆಚ್ಚೇನಿಲ್ಲ: ಒಂದು ಸಣ್ಣ ಟಾರ್ಚು, ಬಟ್ಟೆಯ ಅಳತೆ ಪಟ್ಟಿ, ಪೆನ್ಸಿಲ್, ಗೆರೆಯಿಲ್ಲದ ಪುಸ್ತಕ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಕೈಮಸೂರ. ಲೋಹದ ಟೇಪು ಕಲ್ಲನ್ನು ಗೀಚುವುದರಿಂದ ಬೇಡ. ಮಂಡಿಯೂರಿ ಕೂರಬೇಕಾಗುವುದರಿಂದ ಒಂದು ದಪ್ಪ ಟವೆಲ್ ಇದ್ದರೆ ಒಳ್ಳೆಯದು.

ಒಳಗೆ ಹೋದ ಮೇಲೆ: ದಿಕ್ಕು ಗುರುತಿಸುವುದು

ಮಧ್ಯಯುಗದ ಇಂಗ್ಲಿಷ್ ಚರ್ಚುಗಳ ಬಲಿಪೀಠ ಸಾಮಾನ್ಯವಾಗಿ ಪೂರ್ವಕ್ಕಿರುತ್ತದೆ. ಆದ್ದರಿಂದ ದಿಕ್ಸೂಚಿಯ ಅಗತ್ಯವಿಲ್ಲದೆ ತೊಟ್ಟಿಯ ನಾಲ್ಕು ಮುಖಗಳಿಗೂ ದಿಕ್ಕಿನ ಹೆಸರು ಕೊಡಬಹುದು. ತೊಟ್ಟಿ ಪಶ್ಚಿಮದ ತುದಿಯಲ್ಲಿ, ಬಾಗಿಲಿನ ಸಮೀಪ ಇರುವುದಕ್ಕೆ ಕಾರಣವಿದೆ. ಸಭೆಯೊಳಗೆ ಪ್ರವೇಶ ಸಿಗುವುದು ದೀಕ್ಷಾಸ್ನಾನದಿಂದಲಾದ್ದರಿಂದ ತೊಟ್ಟಿಯೂ ಪ್ರವೇಶದಲ್ಲೇ ಇರಬೇಕೆಂಬುದು ಅದರ ಹಿಂದಿನ ತರ್ಕ. ಈಗ ನಿಂತಿರುವ ಜಾಗವೇ ಮೂಲದ ಜಾಗ ಎಂದು ಮಾತ್ರ ತಿಳಿಯಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚುಗಳನ್ನು ದುರಸ್ತಿ ಮಾಡಿದಾಗ ಎಷ್ಟೋ ತೊಟ್ಟಿಗಳನ್ನು ಎತ್ತಿ ಬೇರೆಡೆ ಕೂರಿಸಿದ್ದಾರೆ, ಕೂರಿಸುವಾಗ ತಿರುಗಿಸಿಯೂ ಬಿಟ್ಟಿದ್ದಾರೆ. ಕೆತ್ತನೆಯ ಅತ್ಯಂತ ಚೆಂದದ ಮುಖ ಗೋಡೆಯ ಕಡೆಗಿದ್ದರೆ ಹಾಗೆ ನಡೆದಿರಬಹುದೆಂದು ಅನುಮಾನಿಸಬಹುದು.

ಮೊದಲ ಸಲ ನೋಡುವವರು ಗೊಂದಲಕ್ಕೆ ಬೀಳುವ ಎರಡು ವಸ್ತುಗಳಿವೆ. ಬಾಗಿಲ ಪಕ್ಕದ ಗೋಡೆಯಲ್ಲೇ ಅಂಗೈ ಹಿಡಿಯುವಷ್ಟು ಸಣ್ಣ ಗುಳಿಯಿದ್ದರೆ ಅದು ತೀರ್ಥಜಲದ ಬಟ್ಟಲು. ಬಲಿಪೀಠದ ಬಳಿ ದಕ್ಷಿಣದ ಗೋಡೆಯ ಗೂಡಿನಲ್ಲಿ ನೀರು ಇಂಗುವ ತೂತಿರುವ ಬಟ್ಟಲಿದ್ದರೆ ಅದು ಪೂಜಾಪಾತ್ರೆ ತೊಳೆಯುವ ಜಾಗ. ತೊಟ್ಟಿ ನೆಲದ ಮೇಲೆ ತಾನಾಗಿ ನಿಂತಿರುತ್ತದೆ ಮತ್ತು ಕೂಸೊಂದನ್ನು ಮುಳುಗಿಸುವಷ್ಟು ದೊಡ್ಡದಾಗಿರುತ್ತದೆ.

ಪುಸ್ತಕದ ಮೊದಲ ಪುಟದಲ್ಲಿ ತೊಟ್ಟಿಯನ್ನು ಮೇಲಿನಿಂದ ನೋಡಿದ ಹಾಗೆ ಒಂದು ವೃತ್ತವನ್ನೋ ಚೌಕವನ್ನೋ ಬರೆದು, ಪೂರ್ವವನ್ನು ಗುರುತಿಸಿ. ಮುಂದೆ ಬರೆಯುವ ಪ್ರತಿಯೊಂದು ಮಾತಿಗೂ ತೆಗೆಯುವ ಪ್ರತಿಯೊಂದು ಚಿತ್ರಕ್ಕೂ ಈ ದಿಕ್ಕಿನ ಹೆಸರು ಸೇರಿಸಿ. ಇಷ್ಟು ಮಾಡದೆ ಮನೆಗೆ ಬಂದರೆ ನಲವತ್ತು ಚಿತ್ರಗಳಲ್ಲಿ ಯಾವ ಸಿಂಹ ಯಾವ ಕಡೆಯದು ಎಂದು ತಿಳಿಯುವುದಿಲ್ಲ. ನನಗೆ ಹೀಗಾಗಿದೆ.

ಅಂಚು

ಈಗ ತೊಟ್ಟಿಯ ಮೇಲಂಚನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಒಂದು ಸುತ್ತು ಹಾಕಿ. ಎದುರುಬದುರಾದ ಎರಡು ಕಡೆ ಕಲ್ಲು ಒಡೆದು ಚಕ್ಕೆ ಎದ್ದಿದೆಯೇ? ಬೇರೆ ಬಣ್ಣದ ಕಲ್ಲಿನ ತೇಪೆ ಹಾಕಿದೆಯೇ? ಸೀಸ ತುಂಬಿದ ಸಣ್ಣ ಕುಳಿ, ತುಕ್ಕಿನ ಕಂದು ಕಲೆ, ಮುರಿದ ಕಬ್ಬಿಣದ ಮೊಳೆ ಇವೆಯೇ? ಇದ್ದರೆ ನೀವು ನೋಡುತ್ತಿರುವುದು ಬೀಗದ ಗುರುತು.

ಮಧ್ಯಯುಗದಲ್ಲಿ ತೊಟ್ಟಿಯ ನೀರನ್ನು ಪ್ರತಿ ಮಗುವಿಗೂ ಹೊಸದಾಗಿ ತುಂಬುತ್ತಿರಲಿಲ್ಲ. ಈಸ್ಟರ್ ಮತ್ತು ಅದಾಗಿ ಏಳು ವಾರಕ್ಕೆ ಬರುವ ಪಂಚಾಶತ್ತಮ ಹಬ್ಬಗಳ ಮುನ್ನಾದಿನ ಮಂತ್ರಿಸಿದ ನೀರು ತೊಟ್ಟಿಯಲ್ಲೇ ಬಹುಕಾಲ ಉಳಿಯುತ್ತಿತ್ತು. ಆ ನೀರಿಗೆ ಶಕ್ತಿಯಿದೆ ಎಂದು ಗುರುಗಳು ಹೇಳಿದ ಮೇಲೆ ಜನ ಅದನ್ನು ನಂಬದಿರುತ್ತಾರೆಯೇ? ಮಾಟಕ್ಕೂ ಮದ್ದಿಗೂ ಅದನ್ನು ಕದ್ದೊಯ್ಯುವ ಭಯವಿತ್ತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ಅಬಿಂಗ್ಡನ್ನಿನ ಎಡ್ಮಂಡ್ 1236ರ ತನ್ನ ಕಟ್ಟಳೆಗಳಲ್ಲಿ, ಮಾಟಮಂತ್ರದ ಕಾರಣಕ್ಕಾಗಿಯೇ ತೊಟ್ಟಿಗಳನ್ನು ಮುಚ್ಚಿ ಬೀಗ ಹಾಕಿರಬೇಕೆಂದು ವಿಧಿಸಿದ. ಅಂಚಿನ ಎರಡು ಕಡೆ ಕಬ್ಬಿಣದ ಕೊಂಡಿಗಳನ್ನು ಸೀಸ ಎರೆದು ಕೂರಿಸಿ, ಮುಚ್ಚಳದ ಮೇಲೆ ಅಡ್ಡಪಟ್ಟಿ ಹಾಯಿಸಿ ಬೀಗ ಜಡಿಯುತ್ತಿದ್ದರು. ಮುಂದೆ ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಪೋಪರಿಂದ ಬೇರೆಯಾದ ಧರ್ಮಸುಧಾರಣೆಯ ಕಾಲದಲ್ಲಿ ಬೀಗದ ಅಗತ್ಯ ಹೋಯಿತು; ಕೊಂಡಿಗಳನ್ನು ಕಿತ್ತಾಗ ಕಲ್ಲೂ ಜೊತೆಗೆ ಕಿತ್ತುಬಂತು, ಅಥವಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಂಚನ್ನು ಸೀಳಿತು. ಕೆತ್ತನೆಯೇ ಇಲ್ಲದ ಬೋಳು ತೊಟ್ಟಿಯ ಅಂಚಿನಲ್ಲಿ ಇಂತಹ ಎರಡು ಗಾಯ ಕಂಡರೆ, ಅದು ಧರ್ಮಸುಧಾರಣೆಗಿಂತ ಮುಂಚಿನದು ಎನ್ನುವುದಕ್ಕೆ ಸಾಕಷ್ಟು ಬಲವಾದ ಆಧಾರ ಸಿಕ್ಕ ಹಾಗೆ.

ಮುಚ್ಚಳವೇ ಉಳಿದಿದ್ದರೆ ಅದನ್ನೂ ನೋಡಿ. ಹೆಚ್ಚಿನವು ಹದಿನೇಳನೆಯ ಶತಮಾನದವು ಅಥವಾ ಆಮೇಲಿನವು. ಸಫಕ್‌ನ ಅಫರ್ಡ್ ಎಂಬ ಹಳ್ಳಿಯಲ್ಲಿ ಮಾತ್ರ ಹದಿನೈದನೆಯ ಶತಮಾನದ ಮರದ ಮುಚ್ಚಳವೊಂದು ಗೋಪುರದ ಹಾಗೆ ಸುಮಾರು ಐದೂವರೆ ಮೀಟರ್ ಎತ್ತರಕ್ಕೆ ಚಾವಣಿಯತ್ತ ಏರಿ ನಿಂತಿದೆ. ಅದರ ಕೆಳಭಾಗ ಮೇಲಿನದರ ಮೇಲೆ ಜಾರಿ ಸರಿಯುವ ಹಾಗೆ ಮಾಡಿರುವುದರಿಂದ ಇಡೀ ಗೋಪುರವನ್ನು ಎತ್ತದೆಯೇ ತೊಟ್ಟಿಯನ್ನು ತೆರೆಯಬಹುದು. ನೀವು ಹೋದ ಕಡೆಯ ಮುಚ್ಚಳವನ್ನು ಒಬ್ಬರೇ ಎತ್ತಲು ಹೋಗಬೇಡಿ. ಓಕ್ ಮರದ ಮುಚ್ಚಳ ನೋಡಲು ಸಣ್ಣದಿದ್ದರೂ ಬಲು ಭಾರ, ಕೈತಪ್ಪಿ ಬಿದ್ದರೆ ಎಂಟುನೂರು ವರ್ಷ ಉಳಿದ ಅಂಚು ನಿಮ್ಮ ಕೈಯಲ್ಲಿ ಒಡೆಯುತ್ತದೆ. ಅಲ್ಲಿನವರನ್ನು ಕೇಳಿ, ಇಬ್ಬರು ಸೇರಿ ಎತ್ತಿ.

ಒಳಭಾಗ

ಮುಚ್ಚಳ ತೆಗೆದ ಮೇಲೆ ಟಾರ್ಚು ಹಾಕಿ ನೋಡಿದರೆ ಸಾಮಾನ್ಯವಾಗಿ ಬೂದುಬಣ್ಣದ ಸೀಸದ ಹಾಳೆಯ ಹೊದಿಕೆ ಕಾಣುತ್ತದೆ. ಮರಳುಗಲ್ಲು, ಸುಣ್ಣದಕಲ್ಲು ಎರಡೂ ನೀರನ್ನು ಹೀರುವ ಕಲ್ಲುಗಳಾದ್ದರಿಂದ ತಿಂಗಳುಗಟ್ಟಲೆ ನೀರು ನಿಲ್ಲಬೇಕಾದರೆ ಸೀಸದ ಹೊದಿಕೆ ಬೇಕಿತ್ತು. ತಳದ ನಡುವೆ ಒಂದು ತೂತು ಇರುತ್ತದೆ. ಅದು ಕಂಬದೊಳಗಿಂದ ಇಳಿದು ನೇರವಾಗಿ ನೆಲದ ಮಣ್ಣಿಗೆ ಸೇರುತ್ತದೆ; ಮಂತ್ರಿಸಿದ ನೀರನ್ನು ಬಚ್ಚಲಿಗೆ ಬಿಡಬಾರದು, ಯಾರೂ ತುಳಿಯದ ಹಾಗೆ ಭೂಮಿಗೆ ಇಂಗಬೇಕು ಎಂಬುದು ನಿಯಮ. ದೇವರ ನಿರ್ಮಾಲ್ಯವನ್ನು ಎಲ್ಲೆಂದರಲ್ಲಿ ಎಸೆಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟಲಿನ ಒಳಗಿನ ಅಗಲ ಮತ್ತು ಆಳವನ್ನು ಅಳೆದು ಬರೆದುಕೊಳ್ಳಿ. ಮಧ್ಯಯುಗದಲ್ಲಿ ಕೂಸನ್ನು ನೀರಿನಲ್ಲಿ ಮುಳುಗಿಸಿ ತೆಗೆಯುವ ರೂಢಿಯಿತ್ತು, ಹಣೆಗೆ ನೀರು ಚಿಮುಕಿಸುವುದಷ್ಟೇ ಆದದ್ದು ಆಮೇಲೆ. ಹೀಗಾಗಿ ಬಟ್ಟಲು ಆಳವಾಗಿದ್ದಷ್ಟೂ ಹಳೆಯದಿರುವ ಸಂಭವ ಹೆಚ್ಚು. ಹದಿನೆಂಟನೆಯ ಶತಮಾನದಲ್ಲಿ ಮಾಡಿದ ಕೆಲವು ತೊಟ್ಟಿಗಳು ಊಟದ ಬೋಗುಣಿಗಿಂತ ಹೆಚ್ಚು ದೊಡ್ಡದಿರುವುದಿಲ್ಲ.

ಕಲ್ಲು, ಆಕಾರ, ಉಳಿಯ ಗುರುತು

ಕಾಲ ಗುರುತಿಸಲು ಆಕಾರ ಮೊದಲ ಸುಳಿವು, ಕೊನೆಯ ಮಾತಲ್ಲ. ಒರಟು ಪೀಪಾಯಿಯ ಹಾಗೆ ದುಂಡಗಿರುವ, ಅಥವಾ ಚೌಕನೆಯ ಬಟ್ಟಲನ್ನು ನಡುವೆ ಒಂದು ದಪ್ಪ ಕಂಬ ಹಾಗೂ ಮೂಲೆಗೊಂದು ತೆಳುಕಂಬದ ಮೇಲೆ ಕೂರಿಸಿರುವ ತೊಟ್ಟಿಗಳು ಬಹುಮಟ್ಟಿಗೆ ಹನ್ನೆರಡು, ಹದಿಮೂರನೆಯ ಶತಮಾನದವು. ಎಂಟು ಮೂಲೆಯ ತೊಟ್ಟಿಗಳು ಹದಿಮೂರರಿಂದ ಹೆಚ್ಚಾಗಿ, ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಬಹುತೇಕ ಎಲ್ಲೆಡೆ ಕಾಣುತ್ತವೆ. ಏಳು ದಿನಗಳಲ್ಲಿ ಸೃಷ್ಟಿ ಮುಗಿದು, ಎಂಟನೆಯದು ಪುನರುತ್ಥಾನದ, ಹೊಸ ಹುಟ್ಟಿನ ದಿನ ಎಂಬ ಎಣಿಕೆಯಿಂದ ಎಂಟು ಎಂಬ ಸಂಖ್ಯೆ ದೀಕ್ಷಾಸ್ನಾನಕ್ಕೆ ಹೊಂದಿಕೊಂಡಿತು.

ಕಲ್ಲು ಬಹುಪಾಲು ಆಸುಪಾಸಿನ ಗಣಿಯದೇ. ಹಾಗಲ್ಲದೆ ದೂರದಿಂದ ತರಿಸಿದ್ದರೆ ಅದು ಹಣವಿದ್ದವರ ಕೆಲಸ. ಡಾರ್ಸೆಟ್ಟಿನ ಪರ್ಬೆಕ್ ಅಮೃತಶಿಲೆ ಎಂದು ಕರೆಯುವ ಕಲ್ಲು ನಿಜಕ್ಕೂ ಅಮೃತಶಿಲೆಯಲ್ಲ, ಹೊಳಪು ಬರುವ ಸುಣ್ಣದಕಲ್ಲು. ಕೈಮಸೂರ ಹಿಡಿದರೆ ಸಿಹಿನೀರಿನ ಬಸವನಹುಳುವಿನ ಸಣ್ಣ ಸಣ್ಣ ಚಿಪ್ಪುಗಳು ಒತ್ತೊತ್ತಾಗಿ ಕಾಣುತ್ತವೆ, ಗುರುತಿಸಲು ಅಷ್ಟೇ ಸಾಕು. ಇದಕ್ಕಿಂತ ಅಪರೂಪದ್ದು ಈಗಿನ ಬೆಲ್ಜಿಯಮಿನ ಟೂರ್ನೆ ಪಟ್ಟಣದ ಕಪ್ಪುನೀಲಿ ಕಲ್ಲು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕಡೆದು ಹಡಗಿನಲ್ಲಿ ತಂದ ತೊಟ್ಟಿಗಳ ಪೈಕಿ ಇಂಗ್ಲೆಂಡಿನಲ್ಲಿ ಏಳು ಪ್ರಸಿದ್ಧ; ಅವುಗಳಲ್ಲಿ ನಾಲ್ಕು ಹ್ಯಾಂಪ್‌ಶೈರ್ ಒಂದರಲ್ಲೇ ಇವೆ. ವಿಂಚೆಸ್ಟರಿನದು ದೊಡ್ಡ ಕ್ಯಾಥೆಡ್ರಲ್ಲಿನದು. ಹಳ್ಳಿಯದನ್ನು ನೋಡಬೇಕಾದರೆ ಈಸ್ಟ್ ಮೀಯನ್‌ಗೆ ಹೋಗಬೇಕು. ಅಲ್ಲಿನ ತೊಟ್ಟಿಯಲ್ಲಿ ಏದೆನ್ ತೋಟದಿಂದ ಹೊರಬಿದ್ದ ಆದಾಮನಿಗೆ ದೇವದೂತನೊಬ್ಬ ನೆಲ ಅಗೆಯುವುದನ್ನು ಕಲಿಸುತ್ತಿದ್ದಾನೆ, ಪಕ್ಕದಲ್ಲಿ ಹವ್ವ ನೂಲುತ್ತಿದ್ದಾಳೆ.

ಇನ್ನು ಉಳಿಯ ಗುರುತು. ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿಯದೆ, ಮೇಲ್ಮೈಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಿರಿ. ಆ ಓರೆ ಬೆಳಕಿನಲ್ಲಿ ಕಾಣದ ಗೀರುಗಳೆಲ್ಲ ಎದ್ದು ಬರುತ್ತವೆ. ಓರೆಯಾದ, ಸ್ವಲ್ಪ ಅಸಮವಾದ ಗೀರುಗಳಿದ್ದರೆ ಅದು ಕೊಡಲಿಯಂಥ ಆಯುಧದಿಂದ ಕಲ್ಲು ಕೆತ್ತುತ್ತಿದ್ದ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ಕೈಗೆ ಹತ್ತಿರ. ಬಾಚಣಿಗೆಯಿಂದ ಎಳೆದ ಹಾಗೆ ಒಂದೇ ಅಂತರದ ಗೆರೆ, ಎಲ್ಲ ಮೂಲೆಯೂ ಚೂಪು, ಎಲ್ಲ ಎಲೆಯೂ ಒಂದೇ ಅಚ್ಚು ಎಂದಾದರೆ ವಿಕ್ಟೋರಿಯಾ ರಾಣಿಯ ಕಾಲದವರು ಹೊಸದಾಗಿ ಮಾಡಿದ್ದಾರೆ ಅಥವಾ ಹಳೆಯದನ್ನು ಕೆರೆದು ಮತ್ತೆ ಕೆತ್ತಿದ್ದಾರೆ ಎಂದರ್ಥ. ಎರಡನೆಯದೇ ಹೆಚ್ಚು ಬೇಸರದ ಸಂಗತಿ, ಏಕೆಂದರೆ ಆಗ ಆಕಾರ ಹಳೆಯದಾಗಿಯೂ ಮೈ ಹೊಸದಾಗಿಯೂ ಉಳಿದು ಎರಡಕ್ಕೂ ಸಲ್ಲದಂತಾಗುತ್ತದೆ. ಬಟ್ಟಲು, ಕಂಬ, ಪೀಠ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದನ್ನು ಮರೆಯಬೇಡಿ. ಮೂರೂ ಒಂದೇ ಕಾಲದ್ದಾಗಿರುವುದು ಅಪರೂಪ.

ಕಲ್ಲು ಮೊದಲಿನಿಂದಲೂ ತೊಟ್ಟಿಯಾಗಿತ್ತು ಎಂದೂ ಭಾವಿಸಬೇಕಾಗಿಲ್ಲ. ಶ್ರಾಪ್‌ಶೈರಿನ ರಾಕ್ಸಿಟರ್‌ನಲ್ಲಿರುವುದು ಅಲ್ಲಿದ್ದ ರೋಮನ್ ನಗರದ ಕಂಬವೊಂದರ ಪೀಠವನ್ನು ಕೊರೆದು ಮಾಡಿದ ತೊಟ್ಟಿ. ಡಾರ್ಸೆಟ್ಟಿನ ಮೆಲ್ಬರಿ ಬಬ್‌ನ ತೊಟ್ಟಿಯ ಸುತ್ತ ಇರುವ ಪ್ರಾಣಿಗಳೆಲ್ಲ ತಲೆಕೆಳಗಾಗಿವೆ. ನಾರ್ಮನ್ನರಿಗಿಂತ ಹಿಂದಿನ ಶಿಲುಬೆಗಂಬದ ತುಂಡೊಂದನ್ನು ಬುಡಮೇಲು ಮಾಡಿ ಕೊರೆದದ್ದೇ ಕಾರಣ. ಪ್ರಾಣಿಗಳ ಗುರುತು ಹತ್ತದಿದ್ದರೆ ನಿಮ್ಮ ತಲೆಯನ್ನೇ ಒಮ್ಮೆ ಬಗ್ಗಿಸಿ ನೋಡುವುದು ಒಳ್ಳೆಯ ಉಪಾಯ. ತೊಟ್ಟಿ ಚರ್ಚಿನಿಂದ ಹೊರಬಿದ್ದದ್ದೂ ಉಂಟು. ಗ್ಲಾಸ್ಟರ್‌ಶೈರಿನ ಡಿಯರ್‌ಹರ್ಸ್ಟ್‌ನಲ್ಲಿರುವ, ಸುರುಳಿ ಸುರುಳಿಯಾದ ಕೆತ್ತನೆ ತುಂಬಿದ, ನಾರ್ಮನ್ನರ ಕಾಲಕ್ಕಿಂತಲೂ ಹಿಂದಿನ ಸುಂದರ ತೊಟ್ಟಿಯ ಬಟ್ಟಲು ಒಂದು ಕೃಷಿಕರ ಮನೆಯಂಗಳದಲ್ಲಿ ಬಾನಿಯಾಗಿ ಬಿದ್ದಿತ್ತು, ಅದರ ಕಂಬ ಬೇರೊಂದು ಕಡೆ ಸಿಕ್ಕಿತು. ನಮ್ಮ ಹಿತ್ತಿಲುಗಳಲ್ಲಿ ದನಗಳಿಗೆ ಕಲಗಚ್ಚು ಇಡುವ ಕಲ್ಲುಬಾನಿಯನ್ನು ಕಂಡವರಿಗೆ ಈ ಗತಿ ಹೇಗೆ ಬಂತೆಂದು ಊಹಿಸುವುದು ಕಷ್ಟವಲ್ಲ.

ಈಗ ಕೆತ್ತನೆ

ಇಯರ್ಡಿಸ್ಲಿಯ ತೊಟ್ಟಿ ಅಗಲಬಾಯಿಯ ಪಾನಪಾತ್ರೆಯ ಆಕಾರದ್ದು. ಬಾಯಿಯ ಸುತ್ತ ಹೆಣೆದ ಜಡೆಯಂಥ ಪಟ್ಟಿ, ಕೆಳಗೆ ಕಂಬದ ಸುತ್ತಲೂ ಬಿಡಿಸಲಾಗದ ಗಂಟುಗಳ ಹೆಣಿಗೆ, ನಡುವಿನ ಅಗಲವಾದ ಮೈಮೇಲೆ ಆಕೃತಿಗಳು. ಒಂದು ಕಡೆಯಿಂದ ಆರಂಭಿಸಿ ನಿಧಾನವಾಗಿ ಪ್ರದಕ್ಷಿಣೆ ಬನ್ನಿ. ಎಲ್ಲಿಂದ ಆರಂಭಿಸಬೇಕೆಂಬ ನಿಯಮವಿಲ್ಲ.

ಒಂದೆಡೆ ಇಬ್ಬರು ಯೋಧರು ಬಳ್ಳಿಗಳ ನಡುವೆ ಸಿಕ್ಕಿಕೊಂಡೇ ಕಾದಾಡುತ್ತಿದ್ದಾರೆ. ಒಬ್ಬನ ಈಟಿ ಇನ್ನೊಬ್ಬನ ತೊಡೆಗೆ ನಾಟಿದೆ, ಆ ಇನ್ನೊಬ್ಬ ಕತ್ತಿ ಎತ್ತಿದ್ದಾನೆ. ಇಲ್ಲಿನ ಒಡೆಯರಾಗಿದ್ದ ಬಾಸ್ಕರ್ವಿಲ್ ಮನೆತನದವನೊಬ್ಬ ತನ್ನ ಮಾವನೊಡನೆ ನಡೆಸಿದ ದ್ವಂದ್ವಯುದ್ಧ ಇದು ಎಂಬುದು ಊರಿನ ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಬರೆದುಕೊಳ್ಳಿ. ಒಳಿತು ಕೆಡುಕುಗಳ ಹೋರಾಟವನ್ನು ಯೋಧರ ರೂಪದಲ್ಲಿ ತೋರಿಸುವ ಪದ್ಧತಿಯೂ ಆ ಕಾಲಕ್ಕೆ ಸಹಜವಾಗಿತ್ತು, ಮತ್ತು ದೀಕ್ಷಾಸ್ನಾನದ ವಿಧಿಯಲ್ಲಿ ಸೈತಾನನನ್ನು ತ್ಯಜಿಸುತ್ತೇನೆ ಎಂಬ ಪ್ರತಿಜ್ಞೆ ಇರುವುದರಿಂದ ಆ ಅರ್ಥವೂ ಇಲ್ಲಿ ಸಲ್ಲುತ್ತದೆ.

ಇನ್ನೊಂದೆಡೆ ಶಿಲುಬೆ ಹಿಡಿದ ಕ್ರಿಸ್ತನು ಬಳ್ಳಿಯ ಬಲೆಯೊಳಗೆ ಸಿಲುಕಿದ ಒಬ್ಬ ಸಣ್ಣ ಮನುಷ್ಯನನ್ನು ಕೈಹಿಡಿದು ಹೊರಕ್ಕೆಳೆಯುತ್ತಿದ್ದಾನೆ. ಕ್ರಿಸ್ತನು ಮರಣಕ್ಕೂ ಪುನರುತ್ಥಾನಕ್ಕೂ ನಡುವೆ ಪಾತಾಳಕ್ಕಿಳಿದು ಆದಾಮನನ್ನು ಬಿಡಿಸಿದ ಕಥೆ ಇದು. ಬೇರೆ ಕಡೆಗಳಲ್ಲಿ ಈ ದೃಶ್ಯಕ್ಕೆ ಬಾಯಿ ತೆರೆದ ರಾಕ್ಷಸನ ತಲೆಯನ್ನು ನರಕದ ಬಾಗಿಲಾಗಿ ಕೆತ್ತುತ್ತಾರೆ. ಇಲ್ಲಿಯ ಶಿಲ್ಪಿಗೆ ಅದು ಬೇಕಾಗಲಿಲ್ಲ. ಇಡೀ ತೊಟ್ಟಿಯನ್ನು ಸುತ್ತಿರುವ ಹೆಣಿಗೆಯನ್ನೇ ನರಕವನ್ನಾಗಿ ಮಾಡಿಬಿಟ್ಟ. ಯೋಧರು ಸಿಕ್ಕಿಕೊಂಡಿರುವುದೂ ಅದೇ ಬಳ್ಳಿಯಲ್ಲಿ ಎಂಬುದನ್ನು ಗಮನಿಸಿದಾಗ ಎರಡು ದೃಶ್ಯಗಳು ಒಂದಕ್ಕೊಂದು ಮಾತಾಡಲು ತೊಡಗುತ್ತವೆ. ಅಲಂಕಾರವೆಂದು ಬದಿಗಿಟ್ಟ ಬಳ್ಳಿಯೇ ಇಲ್ಲಿ ಕಥೆಯ ಮುಖ್ಯ ಪಾತ್ರ. ಉಳಿದ ಜಾಗದಲ್ಲಿ ಪುಸ್ತಕ ಹಿಡಿದ, ತಲೆಯ ಹಿಂದೆ ಪ್ರಭೆಯಿರುವ ಒಬ್ಬ ವ್ಯಕ್ತಿ ಮತ್ತು ಒಂದು ಭಾರಿ ಸಿಂಹ ಇವೆ. ಆ ವ್ಯಕ್ತಿ ಯಾರು, ಸಿಂಹ ಕಾಯುವುದೋ ಕಬಳಿಸುವುದೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನೀವು ನಿಮ್ಮ ಊಹೆಯನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ.

ಆಕೃತಿಗಳ ಉಡುಪನ್ನು ಹತ್ತಿರದಿಂದ ನೋಡಿ. ಬಟ್ಟೆಯ ಮಡಿಕೆಗಳನ್ನು ಹಗ್ಗ ಸುತ್ತಿದ ಹಾಗೆ ಒತ್ತೊತ್ತಾದ ಸಮಾನಾಂತರ ಗೆರೆಗಳಲ್ಲಿ ಕೆತ್ತಿದ್ದಾರೆ. ಹೆರೆಫರ್ಡ್‌ಶೈರಿನ ಶಿಲ್ಪಿಗಳ ಗುಂಪನ್ನು ಗುರುತಿಸುವ ಚಿಹ್ನೆ ಇದೇ. ಕಿಲ್ಪೆಕ್ ಎಂಬ ಹಳ್ಳಿಯ ಚರ್ಚಿನ ಬಾಗಿಲ ಕಂಬದ ಮೇಲೂ ಇದೇ ಉಡುಪಿನ ಯೋಧರಿದ್ದಾರೆ. ಈ ಶೈಲಿ ಇಲ್ಲಿಗೆ ಹೇಗೆ ಬಂತೆಂಬುದಕ್ಕೆ ವಿದ್ವಾಂಸರು ಕೊಡುವ ವಿವರಣೆ ಸ್ವಾರಸ್ಯದ್ದು. ಈ ಸೀಮೆಯ ಮಾರ್ಟಿಮರ್ ಮನೆತನದ ಒಡೆಯನ ಮೇಲ್ವಿಚಾರಕನಾಗಿದ್ದ ಆಲಿವರ್ ಡಿ ಮರ್ಲಿಮಂಡ್ ಎಂಬಾತ ಸ್ಪೇನಿನ ಸಾಂಟಿಯಾಗೊ ಡಿ ಕಾಂಪೊಸ್ಟೆಲಾಕ್ಕೆ ತೀರ್ಥಯಾತ್ರೆ ಹೋಗಿದ್ದ, ಇದೇ ಜಿಲ್ಲೆಯ ಶೊಬ್ಡನ್‌ನಲ್ಲಿ ಚರ್ಚನ್ನೂ ಕಟ್ಟಿಸಿದ. ದಾರಿಯಲ್ಲಿ ಫ್ರಾನ್ಸಿನ ಚರ್ಚುಗಳಲ್ಲಿ ಕಂಡದ್ದು ಆ ಕಟ್ಟಡದ ಮೂಲಕ ಈ ಸೀಮೆಗೆ ಬಂದಿರಬೇಕು.

ಸಮಯವಿದ್ದರೆ ಅದೇ ಜಿಲ್ಲೆಯ ಕ್ಯಾಸಲ್ ಫ್ರೂಮ್‌ಗೂ ಹೋಗಿ ಬನ್ನಿ. ಅಲ್ಲಿನ ದೊಡ್ಡ ಬಟ್ಟಲನ್ನು ಹೊತ್ತು ನೆಲಕ್ಕೆ ಕುಸಿದ ಆಕೃತಿಗಳು ಬುಡದಲ್ಲಿವೆ. ಮೇಲೆ ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ನದಿಯನ್ನು ಉಂಗುರ ಉಂಗುರವಾದ ಅಲೆಗಳ ಒಂದು ದುಂಡು ಕೊಳವಾಗಿ ಕೆತ್ತಿ, ಅದರಲ್ಲಿ ಕ್ರಿಸ್ತನನ್ನು ನಿಲ್ಲಿಸಿ, ಸುತ್ತ ಮೀನುಗಳನ್ನು ಬಿಟ್ಟಿದ್ದಾರೆ. ಮೇಲಿನಿಂದ ದೇವರ ಕೈ ಮತ್ತು ಪಾರಿವಾಳ ಇಳಿಯುತ್ತವೆ. ನೀರನ್ನು ಕಲ್ಲಿನಲ್ಲಿ ತೋರಿಸುವುದು ಹೇಗೆಂಬ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲ ತೊಟ್ಟಿಗಳ ಮೇಲೂ ಬೈಬಲಿನ ಕಥೆಯೇ ಇರುತ್ತದೆ ಎಂದಲ್ಲ. ನಾರ್ಫಕ್ ಕರಾವಳಿಯ ಬರ್ನಮ್ ಡೀಪ್‌ಡೇಲ್‌ನ ನಾರ್ಮನ್ ತೊಟ್ಟಿ ಚೌಕನೆಯದು. ಅದರ ಮೂರು ಮುಖಗಳಲ್ಲಿ ಮುಖಕ್ಕೆ ನಾಲ್ಕರಂತೆ ಹನ್ನೆರಡು ತಿಂಗಳುಗಳ ಬೇಸಾಯದ ಕೆಲಸಗಳಿವೆ. ಜನವರಿಯವನು ಕೊಂಬಿನಿಂದ ಕುಡಿಯುತ್ತಾನೆ, ಫೆಬ್ರವರಿಯವನು ಬೆಂಕಿಗೆ ಕಾಲು ಕಾಯಿಸುತ್ತಾನೆ, ಮಾರ್ಚಿನವನು ನೆಲ ಅಗೆಯುತ್ತಾನೆ. ಮುಂದೆ ಕಳೆ ಕೀಳುವುದು, ಹುಲ್ಲು ಕೊಯ್ಯುವುದು, ಸಿವುಡು ಕಟ್ಟುವುದು, ತೆನೆ ಬಡಿಯುವುದು ಎಲ್ಲ ಬಂದು, ನವೆಂಬರಿನಲ್ಲಿ ಹಂದಿ ಕಡಿದು, ಡಿಸೆಂಬರಿನಲ್ಲಿ ಎಲ್ಲರೂ ಊಟಕ್ಕೆ ಕೂರುತ್ತಾರೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬಿತ್ತುವ ಬೆಳೆಯುವ ಮನೆಯಿಂದ ಬಂದವರು ಇಲ್ಲಿ ಯಾರ ವಿವರಣೆಯೂ ಇಲ್ಲದೆ ತಿಂಗಳು ಗುರುತಿಸಬಲ್ಲರು.

ನಾರ್ಫಕ್, ಸಫಕ್‌ಗಳಲ್ಲೇ ಹೆಚ್ಚಾಗಿ ಸಿಗುವ ಇನ್ನೊಂದು ಬಗೆ ಹದಿನೈದನೆಯ ಶತಮಾನದ ಏಳು ಸಂಸ್ಕಾರಗಳ ತೊಟ್ಟಿ. ಎಂಟು ಮುಖಗಳ ಪೈಕಿ ಏಳರಲ್ಲಿ ದೀಕ್ಷಾಸ್ನಾನದಿಂದ ಹಿಡಿದು ಸಾವಿನ ಹಾಸಿಗೆಯಲ್ಲಿರುವವರಿಗೆ ಎಣ್ಣೆ ಹಚ್ಚುವ ಅಂತ್ಯಾಭ್ಯಂಗದವರೆಗಿನ ಏಳು ಸಂಸ್ಕಾರಗಳು, ಎಂಟನೆಯದರಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ ಅಥವಾ ಬೇರೊಂದು ದೃಶ್ಯ. ಮೊದಲು ದೀಕ್ಷಾಸ್ನಾನದ ಮುಖವನ್ನೇ ಹುಡುಕಿ. ಅಲ್ಲಿ ಕೆತ್ತಿರುವ ಪುಟ್ಟ ತೊಟ್ಟಿ ನೀವು ನಿಂತಿರುವ ತೊಟ್ಟಿಯಂತೆಯೇ ಇರುತ್ತದೆ, ಮತ್ತು ಗುರುಗಳು ಕೂಸನ್ನು ಹೇಗೆ ಹಿಡಿಯುತ್ತಿದ್ದರು ಎಂಬುದನ್ನೂ ಅದೇ ತೋರಿಸಿಕೊಡುತ್ತದೆ. ಸಫಕ್‌ನ ವೆಸ್ಟ್‌ಹಾಲ್‌ನ ತೊಟ್ಟಿಯಲ್ಲಿ ಹಳೆಯ ಬಣ್ಣವೂ ಉಳಿದಿದೆ. ಬೇರೆ ಕಡೆಗಳಲ್ಲೂ ಮಡಿಕೆಗಳ ಸಂದಿಯಲ್ಲಿ ಟಾರ್ಚು ಬಿಟ್ಟು ಕೆಂಪಿನ, ನೀಲಿಯ ಚುಕ್ಕೆಗಳಿಗಾಗಿ ಹುಡುಕಿ. ಈಗ ಬೋಳಾಗಿ ಕಾಣುವ ಎಷ್ಟೋ ಕಲ್ಲು ಒಂದು ಕಾಲಕ್ಕೆ ಬಣ್ಣ ಹೊದ್ದಿತ್ತು.

ಅಕ್ಷರವಿದ್ದರೆ

ಬರಹವಿರುವ ತೊಟ್ಟಿಗಳು ವಿರಳ. ಅವುಗಳಲ್ಲಿ ಕಂಬ್ರಿಯಾದ ಬ್ರೈಡ್‌ಕರ್ಕ್‌ನದು ಹನ್ನೆರಡನೆಯ ಶತಮಾನದ ತೊಟ್ಟಿ. ಆಗಿನ ಇಂಗ್ಲಿಷಿನಲ್ಲಿ, ಆದರೆ ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ, ನನ್ನನ್ನು ಮಾಡಿದವನು ರಿಕಾರ್ಥ್ ಎಂದು ತೊಟ್ಟಿಯೇ ಹೇಳುವಂತೆ ಬರೆದಿದೆ. ಜೊತೆಗೆ ಉಳಿ ಸುತ್ತಿಗೆ ಹಿಡಿದ ಶಿಲ್ಪಿಯ ಚಿತ್ರವೂ ಇದೆ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂದು ಶಿಲ್ಪಿಗಳ ಹೆಸರು ಓದಿ ಅಭ್ಯಾಸವಿರುವ ನಮಗೆ ಇದು ವಿಶೇಷವೆನಿಸದು. ಆದರೆ ಇಯರ್ಡಿಸ್ಲಿಯ ಶಿಲ್ಪಿಯ ಹೆಸರು ಎಲ್ಲೂ ಇಲ್ಲ, ಅಲ್ಲಿನ ಬಹುಪಾಲು ತೊಟ್ಟಿಗಳದೂ ಅದೇ ಕಥೆ.

ಕೆಲವು ತೊಟ್ಟಿಗಳ ಸುತ್ತ ಗ್ರೀಕ್ ಬರಹ ಕಂಡರೆ ಅದು ಹೆಚ್ಚಾಗಿ ಒಂದೇ ವಾಕ್ಯ: ನಿಪ್ಸೊನ್ ಅನೊಮೆಮಾತ ಮೆ ಮೊನಾನ್ ಒಪ್ಸಿನ್. ಮುಖವನ್ನಷ್ಟೇ ಅಲ್ಲ, ಪಾಪಗಳನ್ನೂ ತೊಳೆದುಕೋ ಎಂದು ಅರ್ಥ. ಗ್ರೀಕ್‌ನಲ್ಲಿ ಪ್ಸ ಎಂಬುದು ಒಂದೇ ಅಕ್ಷರವಾದ್ದರಿಂದ ಈ ವಾಕ್ಯ ಹಿಂದುಮುಂದಾಗಿ ಓದಿದರೂ ಅದೇ ಆಗಿರುವ ಗತಪ್ರತ್ಯಾಗತ. ತೊಟ್ಟಿಯ ಸುತ್ತ ಎಡದಿಂದ ನಡೆದರೂ ಬಲದಿಂದ ನಡೆದರೂ ಓದಬಹುದು.

ಗಾಯಗಳು

ಮುಖಗಳನ್ನು ಮಾತ್ರ ಆರಿಸಿ ಒಡೆದಿದ್ದರೆ ಅದು ಸವಕಳಿಯಲ್ಲ. ಹದಿನಾರನೆಯ ಶತಮಾನದ ಧರ್ಮಸುಧಾರಣೆಯಲ್ಲಿ ಒಮ್ಮೆ, ಅರಸನಿಗೂ ಸಂಸತ್ತಿಗೂ ನಡೆದ 1640ರ ದಶಕದ ಅಂತರ್ಯುದ್ಧದಲ್ಲಿ ಇನ್ನೊಮ್ಮೆ, ವಿಗ್ರಹಗಳೆಂದು ಕಂಡದ್ದನ್ನೆಲ್ಲ ಒಡೆದರು. ಸಫಕ್ ಮತ್ತು ಕೇಂಬ್ರಿಡ್ಜ್‌ಶೈರ್‌ಗಳಲ್ಲಿ 1643 ಮತ್ತು 1644ರಲ್ಲಿ ಈ ಕೆಲಸಕ್ಕೆಂದೇ ನೇಮಕಗೊಂಡು ಚರ್ಚಿನಿಂದ ಚರ್ಚಿಗೆ ತಿರುಗಿದ ವಿಲಿಯಂ ಡೌಸಿಂಗ್ ತಾನು ಒಡೆಸಿದ್ದರ ದಿನಚರಿಯನ್ನೂ ಬರೆದಿಟ್ಟ. ನಾಶಮಾಡಿದವನ ಲೆಕ್ಕವೇ ಇಂದು ಏನೇನಿತ್ತು ಎಂದು ತಿಳಿಯಲು ಸಂಶೋಧಕರಿಗೆ ಆಧಾರವಾಗಿದೆ. 1645ರಲ್ಲಿ ಜಾರಿಗೆ ಬಂದ ಆರಾಧನಾ ನಿಯಮಾವಳಿ ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ದೀಕ್ಷಾಸ್ನಾನ ಕೊಡುವುದನ್ನೇ ನಿಷೇಧಿಸಿತು, ಬೋಗುಣಿಗಳು ಬಂದವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ತೊಟ್ಟಿಗಳೂ ಮರಳಿದವು. 1660ರ ದಶಕದ ಇಸವಿ ಕೆತ್ತಿದ ತೊಟ್ಟಿ ಸಿಕ್ಕರೆ, ಅದು ಹಳೆಯದು ಕಳೆದುಹೋದ ಊರೆಂದು ತಿಳಿಯಬಹುದು.

ದಾಖಲಿಸುವುದು

ಪ್ರತಿ ದಿಕ್ಕಿನಿಂದ ಒಂದು ಪೂರ್ಣ ಚಿತ್ರ, ಆಮೇಲೆ ವಿವರಗಳು, ಕೊನೆಗೆ ಅಂಚು, ಒಳಭಾಗ, ಬುಡ. ಫ್ಲ್ಯಾಶ್ ಬಳಸಿದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಜೊತೆಗಾರರೊಬ್ಬರು ಟಾರ್ಚನ್ನು ಎಡದಿಂದ ಹಿಡಿದಾಗ ಒಂದು, ಬಲದಿಂದ ಹಿಡಿದಾಗ ಒಂದು ಚಿತ್ರ ತೆಗೆಯಿರಿ. ಎರಡರಲ್ಲಿ ಕಾಣುವ ವಿವರ ಬೇರೆ ಬೇರೆ. ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದು, ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಮೂರೂ ಕೂಡದು. ಮರಳುಗಲ್ಲು ಒಳಗಿಂದ ಪುಡಿಯಾಗಿದ್ದರೂ ಹೊರಗೆ ಗಟ್ಟಿಯಾಗಿ ಕಾಣಬಹುದು. ಕ್ಯಾಮೆರಾವನ್ನಾಗಲಿ ಚೀಲವನ್ನಾಗಲಿ ಅಂಚಿನ ಮೇಲೆ ಇಡಬೇಡಿ.

ಚಿತ್ರ ತೆಗೆದು ಮುಗಿದ ಮೇಲೆ ಐದು ನಿಮಿಷ ಕುಳಿತು ಪೆನ್ಸಿಲ್ಲಿನಲ್ಲಿ ಒಂದು ಆಕೃತಿಯನ್ನಾದರೂ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕೆಂದೇನಿಲ್ಲ. ಬರೆಯುವಾಗ ಯೋಧನ ಕಾಲು ಬಳ್ಳಿಯ ಮೇಲಿದೆಯೋ ಕೆಳಗಿದೆಯೋ ಎಂದು ನೋಡಲೇಬೇಕಾಗುತ್ತದೆ, ಕ್ಯಾಮೆರಾ ಹಾಗೆ ಕೇಳುವುದಿಲ್ಲ.

ಹೊರಡುವಾಗ ಮುಚ್ಚಳವನ್ನು ಮೊದಲಿದ್ದ ದಿಕ್ಕಿಗೇ ಕೂರಿಸಿ, ಅದರ ಮೇಲಿದ್ದ ಹೂಕುಂಡವನ್ನು ಮತ್ತೆ ಇಟ್ಟು, ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಯಿರಿ. ಕನ್ನಡದಲ್ಲೇ ಬರೆದರೂ ಯಾರೂ ಬೇಡವೆನ್ನುವುದಿಲ್ಲ. ಗೋಡೆಯ ಪೆಟ್ಟಿಗೆಗೆ ಕೈಲಾದಷ್ಟು ಕಾಣಿಕೆ ಹಾಕಿ, ಚಾವಣಿಯ ರಿಪೇರಿಗೆ ಅದೇ ಆಧಾರ. ಹೊರಮಂಟಪದಲ್ಲಿ ತಂತಿಬಲೆಯ ಒಂದು ಬಾಗಿಲಿದ್ದರೆ ಅದನ್ನು ತಪ್ಪದೆ ಎಳೆದು ಚಿಲಕ ಹಾಕಿ. ಬೇಸಿಗೆಯಲ್ಲಿ ಒಳಗೆ ಹೊಕ್ಕ ಹಕ್ಕಿಗಳಿಗೆ ಹೊರಬರುವ ದಾರಿ ತಿಳಿಯುವುದಿಲ್ಲ.